ಕಚ್ಚಾದಾರಿಯ ಪಿಕಪ್ ಲಾರಿಗೆ ಹಿಂಬದಿಯ ಉದ್ದ ಸ್ಪ್ರಿಂಗುಗಳು: ಖರ್ಚಿನ ಅಂದಾಜು ಮಾಡುವ ಕ್ರಮ

ಕೊಡಗು, ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ತೋಟದ ದಾರಿಗಳಲ್ಲಿ ಓಡಾಡುವ ಪಿಕಪ್ ಲಾರಿಯು ವರ್ಷದಲ್ಲಿ ಎರಡು ಬಗೆಯ ಕೆಲಸವನ್ನು ಮಾಡಬೇಕಾಗಿರುತ್ತದೆ. ಕೊಯ್ಲಿನ ಕಾಲದಲ್ಲಿ ಅದು ಮೂಟೆಗಳನ್ನು ಹೊತ್ತು ಇಳಿಜಾರುಗಳಲ್ಲಿ ನಿಧಾನವಾಗಿ ಇಳಿಯುತ್ತದೆ. ಉಳಿದ ಕಾಲದಲ್ಲಿ ಬಹುಮಟ್ಟಿಗೆ ಬರಿದಾಗಿಯೇ ಕಲ್ಲು ಕೊರಕಲುಗಳ ಮೇಲೆ ಓಡುತ್ತದೆ. ಭಾರ ಹೊರುವುದಕ್ಕಾಗಿ ಬಿಗಿಯಾಗಿ ಮಾಡಿರುವ ಹಿಂಬದಿಯ ಸ್ಪ್ರಿಂಗುಗಳು ಬರಿಯ ಗಾಡಿಯನ್ನು ಎತ್ತಿ ಕುಕ್ಕುವುದರಿಂದ, ಚಕ್ರವು ಹೆಚ್ಚು ದೂರ ಮೇಲಕ್ಕೂ ಕೆಳಕ್ಕೂ ಚಲಿಸುವಂತಹ ಉದ್ದನೆಯ ಸ್ಪ್ರಿಂಗುಗಳನ್ನು ಹಾಕಿಸಬೇಕೆಂಬ ಆಲೋಚನೆಯು ಯಜಮಾನರಿಗೆ ಬರುವುದು ಸಹಜವೇ ಆಗಿದೆ. ಆದರೆ ಅಂಗಡಿಯವರು ಹೇಳುವ ಸ್ಪ್ರಿಂಗಿನ ಬೆಲೆಯನ್ನೇ ಇಡೀ ಕೆಲಸದ ಬೆಲೆಯೆಂದು ಭಾವಿಸಿ ಕೈಹಾಕಿದಲ್ಲಿ, ಗಾಡಿಯು ಅರ್ಧ ಬಿಚ್ಚಿದ ಸ್ಥಿತಿಯಲ್ಲಿ ವರ್ಕ್‌ಷಾಪಿನಲ್ಲಿ ನಿಲ್ಲುವ ಸಂಭವವುಂಟು. ಆದಕಾರಣ ಈ ಕೆಲಸದಲ್ಲಿ ಯಾವ ಯಾವ ಬಾಬುಗಳು ಸೇರಿವೆ, ಅವುಗಳನ್ನು ಯಾವ ಕ್ರಮದಲ್ಲಿ ಲೆಕ್ಕ ಹಾಕತಕ್ಕದ್ದು ಎಂಬುದನ್ನು ಜಮೀನುದಾರರು ಮುಂಚಿತವಾಗಿ ತಿಳಿದಿರುವುದು ಅವಶ್ಯಕ.

ಚಲನೆ ಎಂದರೇನು?

ಹಿಂಚಕ್ರವು ಪೂರ್ತಿ ಕೆಳಗೆ ಇಳಿಬಿದ್ದ ಸ್ಥಾನದಿಂದ, ಪೂರ್ತಿ ಮೇಲಕ್ಕೆದ್ದು ರಬ್ಬರಿನ ತಡೆಗೆ ತಗಲುವ ಸ್ಥಾನದವರೆಗೆ ಇರುವ ದೂರಕ್ಕೆ ಚಕ್ರದ ಚಲನೆ ಎಂದು ಹೆಸರು. ಕಂಪೆನಿಯಿಂದ ಬಂದ ಸಾಮಾನ್ಯ ಪಿಕಪ್‌ಗಳಲ್ಲಿ ಇದು ಸುಮಾರು 8ರಿಂದ 10 ಅಂಗುಲಗಳಷ್ಟಿರುತ್ತದೆ. ಈ ಚಲನೆಯು ಸಾಲದೆ ಹೋದಾಗ ಒಂದು ಚಕ್ರವು ಗುಂಡಿಯ ಮೇಲೆ ತೇಲಿ ಹಿಡಿತವನ್ನು ಕಳೆದುಕೊಳ್ಳುತ್ತದೆ. ಇಲ್ಲವೆ ಅಚ್ಚು ತಡೆಗೆ ಬಡಿದು ಆ ಏಟು ಚಾಸಿಗೆ ತಲಪುತ್ತದೆ.

ಬಹು ಉದ್ದವಾದ ಚಲನೆಯ ಪದ್ಧತಿಯು ಬೆಳೆದದ್ದು ಅಮೆರಿಕದ ನೈಋತ್ಯ ಭಾಗದ ಮರುಭೂಮಿಗಳಲ್ಲಿ ಮತ್ತು ಮೆಕ್ಸಿಕೋ ದೇಶದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ. ಬಾಹಾದ ಪ್ರಸಿದ್ಧ ಓಟವು 1967ರಲ್ಲಿ ತಿಹುವಾನಾ ಪಟ್ಟಣದಿಂದ ಲಾ ಪಾಜ್ ಪಟ್ಟಣದವರೆಗೆ ಮೊದಲು ನಡೆಯಿತು. 1994ರಲ್ಲಿ ಟ್ರೋಫಿ ಟ್ರಕ್ ಎಂಬ ವರ್ಗವೇ ಅಲ್ಲಿ ಏರ್ಪಟ್ಟಿತು. ಈ ವರ್ಗದ ಗಾಡಿಗಳಲ್ಲಿ ಹಿಂಚಕ್ರದ ಚಲನೆಯು 30 ಅಂಗುಲಗಳಿಗೂ ಮಿಗಿಲಾಗಿರುವುದುಂಟು. ಆದರೆ ಅವು ಮರಳುದಿಬ್ಬಗಳ ಮೇಲೆ ಅತಿವೇಗದಿಂದ ಹಾರುವ ಗಾಡಿಗಳು. ಅವುಗಳ ಮೇಲೆ ಒಂದು ಮೂಟೆಯನ್ನೂ ಹೇರುವುದಿಲ್ಲ. ತೋಟದ ಪಿಕಪ್ಪಿಗೆ ಬೇಕಾದದ್ದು ನಡಿಗೆಯ ವೇಗದಲ್ಲಿ ನಾಲ್ಕು ಚಕ್ರಗಳೂ ನೆಲವನ್ನು ಬಿಡದಿರುವ ಗುಣ. ಮರುಭೂಮಿಯ ಗಾಡಿಗೆಂದು ಮಾಡಿದ ಸಾಮಾನನ್ನು ತೋಟದ ಗಾಡಿಗೆ ಕೊಳ್ಳುವುದೇ ಈ ಬಾಬಿನಲ್ಲಿ ನಡೆಯುವ ದೊಡ್ಡ ದುಂದುವೆಚ್ಚವಾಗಿದೆ.

ಮೊದಲು ಭಾರವನ್ನು ನಿಶ್ಚಯಿಸತಕ್ಕದ್ದು

ಮೆತ್ತಗಿನ ಸ್ಪ್ರಿಂಗು ಚಲನೆಯನ್ನು ಕೊಡುತ್ತದೆ, ಬಿಗಿಯಾದ ಸ್ಪ್ರಿಂಗು ಭಾರವನ್ನು ಹೊರುತ್ತದೆ. ಎರಡನ್ನೂ ಒಂದೇ ಸ್ಪ್ರಿಂಗಿನಿಂದ ಪೂರ್ತಿಯಾಗಿ ಪಡೆಯುವುದು ಸಾಧ್ಯವಿಲ್ಲ. ಒಂದು ಗಾಡಿಯ ಹಿಂಭಾಗವು 1,000 ಕಿಲೋ ಭಾರಕ್ಕೆ 4 ಅಂಗುಲ ಕುಗ್ಗುವುದೆಂದು ಇಟ್ಟುಕೊಳ್ಳಬಹುದು. ಅದರ ಅರ್ಧದಷ್ಟು ಬಿಗಿಯುಳ್ಳ ಸ್ಪ್ರಿಂಗುಗಳನ್ನು ಹಾಕಿದರೆ ಅದೇ ಭಾರಕ್ಕೆ 8 ಅಂಗುಲ ಕುಗ್ಗುವುದು. ಹೊಸದಾಗಿ ಗಳಿಸಿದ ಮೇಲ್ಚಲನೆಯನ್ನು ಮೂಟೆಗಳೇ ನುಂಗಿಬಿಟ್ಟು, ಗಾಡಿಯು ಮೊದಲಿಗಿಂತ ಬೇಗ ತಡೆಗೆ ಬಡಿಯಲಾರಂಭಿಸುತ್ತದೆ. ಆದಕಾರಣ ಗಾಡಿಯು ನಿತ್ಯವೂ ಹೊರುವ ಭಾರವೆಷ್ಟು, ಕೊಯ್ಲಿನಲ್ಲಿ ಹೊರುವ ಅತ್ಯಧಿಕ ಭಾರವೆಷ್ಟು ಎಂಬ ಎರಡು ಅಂಕಿಗಳನ್ನು ತೂಕದ ಚೀಟಿಯಿಂದ ತಿಳಿದು ಬರೆದಿಟ್ಟುಕೊಂಡ ನಂತರವೇ ಅಂಗಡಿಗೆ ಹೋಗತಕ್ಕದ್ದು.

ಇದರ ಜೊತೆಗೆ ಒಂದು ಸುಲಭವಾದ ಪರೀಕ್ಷೆಯನ್ನು ಮಾಡಬಹುದು. ಹಿಂಬದಿಯ ಎರಡು ರಬ್ಬರಿನ ತಡೆಗಳ ಮೇಲೂ ಹದವಾದ ಜೇಡಿಮಣ್ಣಿನ ಒಂದೊಂದು ಉಂಡೆಯನ್ನು ಅಂಟಿಸಿ, ಎಂದಿನ ಭಾರದೊಡನೆ ಎಂದಿನ ದಾರಿಯಲ್ಲಿ ಒಮ್ಮೆ ಹೋಗಿಬರತಕ್ಕದ್ದು. ಉಂಡೆಯು ಚಪ್ಪಟೆಯಾಗದೆ ಉಳಿದರೆ ಇರುವ ಮೇಲ್ಚಲನೆಯೇ ಪೂರ್ತಿಯಾಗಿ ಬಳಕೆಯಾಗುತ್ತಿಲ್ಲವೆಂದು ಅರ್ಥ. ಅಂತಹ ಗಾಡಿಯು ಕುಕ್ಕುವುದಕ್ಕೆ ಸವೆದ ಷಾಕ್ ಅಬ್ಸಾರ್ಬರು, ತುಕ್ಕು ಹಿಡಿದು ಒಂದಕ್ಕೊಂದು ಜಾರದೆ ನಿಂತ ಪಟ್ಟೆಗಳು, ಒಣಗಿದ ಬುಷ್ಷುಗಳು ಅಥವಾ ಟೈರಿನ ಅತಿಯಾದ ಗಾಳಿ ಕಾರಣವಾಗಿರಬಹುದು. ಇವುಗಳನ್ನು ಸರಿಪಡಿಸಲು ತಗಲುವ ವೆಚ್ಚ ಅಲ್ಪವಾದದ್ದು.

ಒಂದು ಭಾಗವು ಬದಲಾದರೆ ಉಳಿದವುಗಳ ಗತಿ

ಹೈಲಕ್ಸ್, ಡಿ-ಮ್ಯಾಕ್ಸ್ ವಿ-ಕ್ರಾಸ್ ಮೊದಲಾದ ಪಿಕಪ್‌ಗಳ ಹಿಂಬದಿಯಲ್ಲಿರುವುದು ಪಟ್ಟೆಗಳನ್ನು ಜೋಡಿಸಿದ ಲೀಫ್ ಸ್ಪ್ರಿಂಗು. ಭಾರ ಬಿದ್ದು ಇದು ಚಪ್ಪಟೆಯಾದಂತೆಲ್ಲಾ ಇದರ ಉದ್ದವು ಹೆಚ್ಚುತ್ತದೆ. ಆ ಹೆಚ್ಚಳಕ್ಕೆ ಎಡೆಕೊಡಲು ಒಂದು ತುದಿಯಲ್ಲಿ ತೂಗಾಡುವ ಕೊಂಡಿಯಿರುತ್ತದೆ. ಸ್ಪ್ರಿಂಗು ಉದ್ದವಾದರೆ ಈ ಕೊಂಡಿಯೂ ಅದನ್ನು ಚಾಸಿಗೆ ಸೇರಿಸುವ ಬ್ರಾಕೆಟ್ಟೂ ಬದಲಾಗಬೇಕು. ಅಚ್ಚನ್ನು ಸ್ಪ್ರಿಂಗಿಗೆ ಬಿಗಿಯುವ ಯು ಬೋಲ್ಟುಗಳು ಒಮ್ಮೆ ಬಿಗಿದಾಗ ಎಳೆದುಕೊಂಡಿರುವುದರಿಂದ ಹಳೆಯವನ್ನು ಮತ್ತೆ ಉಪಯೋಗಿಸದೆ ಹೊಸದನ್ನೇ ಹಾಕತಕ್ಕದ್ದು.

ಷಾಕ್ ಅಬ್ಸಾರ್ಬರು ಹಳೆಯ ಅಳತೆಯದೇ ಆಗಿದ್ದರೆ ಚಕ್ರವು ಇಳಿಬಿದ್ದಾಗ ಅದೇ ಹಗ್ಗದಂತೆ ಎಳೆಯಲ್ಪಟ್ಟು ಮುರಿಯುವುದು. ಆದ್ದರಿಂದ ಅದೂ ಉದ್ದವಾಗಬೇಕು. ಉದ್ದವಾದದ್ದು ಹಾಸಿನ ಕೆಳಗೆ ನೆಟ್ಟಗೆ ನಿಲ್ಲುವುದಿಲ್ಲ. ಮರುಭೂಮಿಯ ಗಾಡಿಗಳಲ್ಲಿ ಹಾಸನ್ನು ಕೊರೆದು, ಮೇಲೆ ಕೊಳವೆಗಳ ಪಂಜರವನ್ನು ಕಟ್ಟಿ, ಅದಕ್ಕೆ ತಗಲಿಸುತ್ತಾರೆ. ಹಾಗೆ ಮಾಡಿದಲ್ಲಿ ಮೂಟೆಗಳ ಸ್ಥಳವು ಶಾಶ್ವತವಾಗಿ ಕಳೆದುಹೋಗುವುದು. ಕೊರೆಯದೆ ಓರೆಯಾಗಿ ಕೂಡಿಸಬಹುದು. ಆದರೆ 45 ಡಿಗ್ರಿ ಓರೆಯಾದಾಗ ಚಕ್ರದ ಮೇಲೆ ಅದರ ಹಿಡಿತವು ನೆಟ್ಟಗಿರುವುದರ ಅರ್ಧದಷ್ಟೇ ಆಗುವುದು. ಬೇರೆ ಎಣ್ಣೆಯ ಡಬ್ಬಿಯುಳ್ಳ ದುಬಾರಿ ಷಾಕ್ ಅಬ್ಸಾರ್ಬರುಗಳು ವೇಗದ ಓಟದಲ್ಲಿ ಹುಟ್ಟುವ ಕಾವನ್ನು ತಡೆಯುವುದಕ್ಕಾಗಿ ಏರ್ಪಟ್ಟವು. ಗಂಟೆಗೆ 10–15 ಕಿಲೋಮೀಟರ್ ಸಾಗುವ ಗಾಡಿಗೆ ಅವುಗಳ ಅಗತ್ಯವಿಲ್ಲ.

ಅಚ್ಚು ಹೆಚ್ಚು ಕೆಳಕ್ಕೆ ಇಳಿಯುವುದರಿಂದ ಪ್ರೊಪೆಲ್ಲರ್ ಷಾಫ್ಟಿನ ಓರೆಯೂ ಉದ್ದವೂ ವ್ಯತ್ಯಾಸವಾಗಿ, ಅದರ ಜಾಯಿಂಟುಗಳು ಅದುರಲು ಮತ್ತು ಸವೆಯಲು ಆರಂಭಿಸುತ್ತವೆ. ಬ್ರೇಕಿನ ರಬ್ಬರು ಕೊಳವೆ ಮತ್ತು ಹ್ಯಾಂಡ್ ಬ್ರೇಕಿನ ತಂತಿ ಸಾಲದೆ ಹೋಗುತ್ತವೆ. ಕೊಳವೆಯು ಎಳೆದು ಹರಿದರೆ ಇಳಿಜಾರಿನಲ್ಲಿ ಬ್ರೇಕು ಕೈಕೊಡುವುದು.

ಇನ್ನೊಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಕೆಲವು ಪಿಕಪ್‌ಗಳಲ್ಲಿ ಹಿಂಬದಿಯ ಭಾರವನ್ನನುಸರಿಸಿ ಬ್ರೇಕಿನ ಒತ್ತಡವನ್ನು ಹೆಚ್ಚು ಕಡಿಮೆ ಮಾಡುವ ವಾಲ್ವೊಂದನ್ನು ಅಚ್ಚಿಗೆ ಕೊಂಡಿಯ ಮೂಲಕ ಜೋಡಿಸಿರುತ್ತಾರೆ. ಹೊಸ ಸ್ಪ್ರಿಂಗಿನಿಂದ ಹಿಂಭಾಗವು ಎತ್ತರವಾಯಿತೆಂದರೆ, ಮೂಟೆಗಳು ತುಂಬಿದ್ದರೂ ಆ ವಾಲ್ವು ಗಾಡಿಯು ಹಗುರವಾಗಿರುವಂತೆಯೇ ವರ್ತಿಸಿ ಹಿಂಚಕ್ರಗಳ ಬ್ರೇಕನ್ನು ತಗ್ಗಿಸಿಬಿಡುವುದು. ಇದನ್ನು ಹೊಸ ಎತ್ತರಕ್ಕೆ ಸರಿಯಾಗಿ ಹೊಂದಿಸದೆ ಗಾಡಿಯನ್ನು ವರ್ಕ್‌ಷಾಪಿನಿಂದ ಹೊರಗೆ ತರಕೂಡದು. ಅಲ್ಲದೆ ಎತ್ತರವಾದ ಗಾಡಿಯು ಅಡ್ಡ ಇಳಿಜಾರಿನಲ್ಲಿ ಹೆಚ್ಚು ಸುಲಭವಾಗಿ ಮಗುಚುವುದೆಂಬುದನ್ನೂ ಮರೆಯಲಾಗದು.

ಅಂದಾಜು ಪಟ್ಟಿ

ಮೇಲೆ ವಿವರಿಸಿದ ಬಾಬುಗಳನ್ನು ಲೆಕ್ಕಕ್ಕೆ ತರುವ ಕ್ರಮವನ್ನು ತೋರಿಸುವುದಕ್ಕಾಗಿ ಒಟ್ಟು ಮೊಬಲಗನ್ನು 100 ರೂಪಾಯಿ ಎಂದಿಟ್ಟುಕೊಂಡು ಒಂದು ಕಲ್ಪಿತ ಪಟ್ಟಿಯನ್ನು ಕೊಡಲಾಗಿದೆ. ಈ ಅಂಕಿಗಳು ಮಾರುಕಟ್ಟೆಯ ದರಗಳಲ್ಲ. ಪ್ರತಿಯೊಂದು ಬಾಬಿಗೂ ಕನಿಷ್ಠ ಎರಡು ಕಡೆಯಿಂದ ದರಪಟ್ಟಿಗಳನ್ನು ತರಿಸಿ ಇವುಗಳ ಜಾಗದಲ್ಲಿ ತುಂಬತಕ್ಕದ್ದು.

1. ಸ್ಪ್ರಿಂಗುಗಳ ಜೋಡಿ, ಕೊಂಡಿ, ಬ್ರಾಕೆಟ್ಟು, ಯು ಬೋಲ್ಟು: 30 ರೂ.
2. ಷಾಕ್ ಅಬ್ಸಾರ್ಬರುಗಳು ಮತ್ತು ಅವುಗಳ ಆಧಾರಗಳು: 20 ರೂ.
3. ಪ್ರೊಪೆಲ್ಲರ್ ಷಾಫ್ಟಿನ ಕೆಲಸ: 10 ರೂ.
4. ಬ್ರೇಕಿನ ಕೊಳವೆ, ತಂತಿ, ವಾಲ್ವಿನ ಹೊಂದಾಣಿಕೆ: 7 ರೂ.
5. ರಬ್ಬರಿನ ತಡೆ, ಅಚ್ಚು ಅತಿಯಾಗಿ ಇಳಿಯದಂತೆ ಹಿಡಿಯುವ ಪಟ್ಟಿಗಳು: 3 ರೂ.
6. ಬೆಸುಗೆ ಮತ್ತು ಕೂಲಿ: 12 ರೂ.
7. ಗಾಡಿಯಿಲ್ಲದ ದಿನಗಳಲ್ಲಿ ಕೊಡುವ ಬಾಡಿಗೆ: 6 ರೂ.
8. ಮೊದಲ ವರ್ಷದ ದುರಸ್ತಿ ಹಾಗೂ ಆಕಸ್ಮಿಕ ವೆಚ್ಚಕ್ಕೆ ಮೀಸಲು: 12 ರೂ.

ಈ ಪಟ್ಟಿಯಲ್ಲಿ ಸ್ಪ್ರಿಂಗಿನ ಬಾಬು ಮೂರರಲ್ಲಿ ಒಂದು ಪಾಲನ್ನೂ ಮುಟ್ಟಿಲ್ಲವೆಂಬುದು ಗಮನಾರ್ಹ. ಹಣವು ಸಾಲದೆ ಬಂದಾಗ ಮೂರನೆಯ ಮತ್ತು ನಾಲ್ಕನೆಯ ಬಾಬುಗಳನ್ನು ಮುಂದಿನ ವರ್ಷಕ್ಕೆ ತಳ್ಳುವುದು ರೂಢಿ. ಇದು ಬಹು ಅಪಾಯಕರ. ಹಣ ಕಡಿಮೆಯಿದ್ದರೆ ಚಲನೆಯನ್ನು ಕಡಿಮೆ ಮಾಡಿಕೊಳ್ಳತಕ್ಕದ್ದೇ ಹೊರತು ಬ್ರೇಕಿನ ಬಾಬನ್ನು ಬಿಡತಕ್ಕದ್ದಲ್ಲ. ಹಳೆಯ ಅಚ್ಚು, ಹಳೆಯ ಷಾಫ್ಟುಗಳೊಂದಿಗೆ ಹೊಂದುವ ಒಂದೆರಡು ಅಂಗುಲಗಳ ಹೆಚ್ಚಳವೇ ತೋಟದ ಕೆಲಸಕ್ಕೆ ಅನೇಕ ವೇಳೆ ಸಾಕಾಗುವುದು.

ಕೆಲಸವನ್ನು ಕಾಫಿಯ ಕೊಯ್ಲು ಮುಗಿದ ಮೇಲೆ, ಮುಂಗಾರು ಹಿಡಿಯುವುದಕ್ಕೆ ಮೊದಲು ಮಾಡಿಸುವುದು ಲೇಸು. ಗಾಡಿಯು ಮರಳಿ ಬಂದು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟುಗಳನ್ನು ಪುನಃ ಬಿಗಿಸತಕ್ಕದ್ದು.

ಕಾಯಿದೆಯ ನಿಬಂಧನೆ

1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದ ಮೇರೆಗೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಲು ಮಾಲೀಕನಿಗೆ ಅಧಿಕಾರವಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಈ ನಿಯಮವನ್ನು ಎತ್ತಿಹಿಡಿದಿದೆ. ಆದ್ದರಿಂದ ಮುಂಗಡ ಹಣವನ್ನು ಕೊಡುವುದಕ್ಕೆ ಮೊದಲೇ ಪ್ರಾದೇಶಿಕ ಸಾರಿಗೆ ಕಚೇರಿಯನ್ನೂ ವಿಮಾ ಕಂಪೆನಿಯನ್ನೂ ಬರಹದ ಮೂಲಕ ವಿಚಾರಿಸಿ, ಉತ್ತರವನ್ನು ಗಾಡಿಯ ಕಾಗದಪತ್ರಗಳೊಡನೆ ಇಟ್ಟುಕೊಳ್ಳತಕ್ಕದ್ದು. ಸ್ಪ್ರಿಂಗನ್ನು ಎಷ್ಟೇ ಬಲಪಡಿಸಿದರೂ ನೋಂದಣಿಯಲ್ಲಿರುವ ಭಾರದ ಮಿತಿಯು ಹೆಚ್ಚುವುದಿಲ್ಲವೆಂಬುದನ್ನೂ ನೆನಪಿಡಬೇಕು.

ದಾರಿಯ ಲೆಕ್ಕ

ಕೊನೆಯದಾಗಿ, ಈ ಅಂದಾಜಿನ ಪಕ್ಕದಲ್ಲಿ ಇನ್ನೊಂದು ಅಂದಾಜನ್ನು ಬರೆದು ನೋಡುವುದು ಉಚಿತ. ತೋಟದ ದಾರಿಯು ಕೊರಕಲಾಗುವುದು ಬಹುತೇಕ ನೀರಿನಿಂದ. ಮಳೆಯ ನೀರು ದಾರಿಯ ಉದ್ದಕ್ಕೂ ಹರಿಯದಂತೆ ಪಕ್ಕದಲ್ಲಿ ಚರಂಡಿಯನ್ನು ತೆಗೆದು, ಕಡಿದಾದ ಕಡೆಗಳಲ್ಲಿ ಓರೆಯಾದ ಅಡ್ಡಗಾಲುವೆಗಳನ್ನು ಮಾಡಿ, ಕೆಟ್ಟ ಸ್ಥಳಗಳಿಗೆ ಕಲ್ಲು ಹಾಸಿದರೆ ಆಗುವ ಖರ್ಚೆಷ್ಟು ಎಂದು ತಿಳಿಯಬೇಕು. ಸ್ಪ್ರಿಂಗಿಗೆ ಹಾಕಿದ ಹಣದಿಂದ ಒಂದು ಗಾಡಿಗೆ ಮಾತ್ರ ಸುಖವುಂಟಾಗುವುದು. ದಾರಿಗೆ ಹಾಕಿದ ಹಣದಿಂದ ಟ್ರಾಕ್ಟರಿಗೂ, ನೆರೆಯವರ ಗಾಡಿಗಳಿಗೂ, ತಲೆಹೊರೆ ಹೊತ್ತು ನಡೆಯುವ ಆಳುಗಳಿಗೂ ಅನುಕೂಲವಾಗುವುದು. ಅನೇಕರು ಬಳಸುವ ದಾರಿಯಾಗಿದ್ದಲ್ಲಿ ಗ್ರಾಮದ ಮುಖಂಡರು ಎಲ್ಲರನ್ನೂ ಕೂಡಿಸಿ ವೆಚ್ಚವನ್ನು ಹಂಚಬಹುದು.

ಎರಡು ಅಂದಾಜುಗಳನ್ನೂ ಎದುರಿಗಿಟ್ಟುಕೊಂಡು, ದಾರಿಯನ್ನು ಸರಿಪಡಿಸಿದ ಮೇಲೂ ಜೇಡಿಮಣ್ಣಿನ ಉಂಡೆಯು ಚಪ್ಪಟೆಯಾಗುತ್ತಿದ್ದರೆ, ಆಗ ಉದ್ದ ಸ್ಪ್ರಿಂಗಿಗೆ ಹಣವನ್ನು ತೆಗೆಯುವುದು ನ್ಯಾಯವಾದ ಖರ್ಚು. ಅದಕ್ಕೆ ಮುಂಚೆ ಮಾಡಿದ ಖರ್ಚು ಮುಂದಿನ ಮಳೆಗಾಲದ ಕೊರಕಲಿನಲ್ಲಿಯೇ ಮುಗಿದುಹೋಗುವುದು.