ಬಾಣದ ಗುರುತಿಗೆ ಕಾಲ ಸೇರಿಸುವುದು: ಎಲೆಕ್ಟ್ರಾನ್ ವರ್ಗಾವಣೆಯ ವೇಗ ಕುರಿತು ಒಂದು ಪಾಠ

ಪ್ರಥಮ ಪಿಯುಸಿಯ ದ್ಯುತಿಸಂಶ್ಲೇಷಣೆ ಅಧ್ಯಾಯಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ‘ಝಡ್’ ಆಕಾರದ ಚಾರ್ಟ್ ಬರೆದುಕೊಂಡು ಹೋಗುತ್ತೇವೆ. ವಿದ್ಯಾರ್ಥಿಗಳು ಬಾಣಗಳನ್ನು ಕ್ರಮವಾಗಿ ಹೇಳುತ್ತಾರೆ, ಪರೀಕ್ಷೆಯಲ್ಲೂ ಬರೆಯುತ್ತಾರೆ. ಎಲೆಕ್ಟ್ರಾನ್ ಹೀಗೇ ಸಾಗುತ್ತದೆಂದು ತಿಳಿದದ್ದು ಹೇಗೆ ಎಂಬುದು ಮಾತ್ರ ಆ ಚಾರ್ಟಿನಲ್ಲಿಲ್ಲ. ಅಭ್ಯಾಸ ಬೋಧನೆಯ ಎರಡು ಅವಧಿಗಳನ್ನು ನಾನು ಈ ಪ್ರಶ್ನೆಗೇ ಮೀಸಲಿಟ್ಟೆ.

ಉದ್ದೇಶ: ಒಂದು ಬಾಣದ ವೇಗವನ್ನು ಅಳೆಯುವ ವಿಧಾನವನ್ನು ವಿದ್ಯಾರ್ಥಿಯು ತನ್ನ ಮಾತಿನಲ್ಲಿ ವಿವರಿಸುವುದು, ಆ ವೇಗ ಏಕೆ ಮುಖ್ಯವೆಂದು ಕಾರಣ ಕೊಡುವುದು.

ಪೂರ್ವಜ್ಞಾನ: ಪತ್ರಹರಿತ್ತು ಬೆಳಕು ಹೀರುತ್ತದೆ, ಉತ್ಕರ್ಷಣೆಯೆಂದರೆ ಎಲೆಕ್ಟ್ರಾನ್ ಕಳೆದುಕೊಳ್ಳುವುದು.

ವಿಷಯ ನಿರೂಪಣೆ

ಉದಾಹರಣೆಗೆ ಸಯನೋಬ್ಯಾಕ್ಟೀರಿಯಾವನ್ನು ಆರಿಸಿಕೊಂಡೆ. ಇವನ್ನು ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲೇ ಬೆಳೆಸಬಹುದು. ಸಿನೆಕೊಸಿಸ್ಟಿಸ್‌ನಂಥ ತಳಿಗಳಲ್ಲಿ ಬೇಕಾದ ಜೀನನ್ನು ಬದಲಿಸಿ, ಪ್ರೋಟೀನು ಬದಲಾದಾಗ ವೇಗ ಬದಲಾಗುವುದೇ ಎಂದು ನೋಡಬಹುದು. ಒಂದನೆಯ ದ್ಯುತಿವ್ಯವಸ್ಥೆಯ ವಿವರವಾದ ರಚನೆ 2001ರಲ್ಲಿ ತಿಳಿದದ್ದೂ ಬಿಸಿನೀರಿನ ಬುಗ್ಗೆಯ ಸಯನೋಬ್ಯಾಕ್ಟೀರಿಯಾದಿಂದಲೇ.

ಈ ವ್ಯವಸ್ಥೆಯ ಕೇಂದ್ರದಲ್ಲಿರುವ ಪತ್ರಹರಿತ್ತಿನ ಜೋಡಿಗೆ ಪಿ700 ಎಂದು ಹೆಸರು. ಎಲೆಕ್ಟ್ರಾನ್ ಕಳೆದುಕೊಂಡ ಕ್ಷಣ ಅದು 700 ನ್ಯಾನೋಮೀಟರಿನ ಬೆಳಕನ್ನು ಮೊದಲಿನಷ್ಟು ಹೀರುವುದಿಲ್ಲ. 1950ರ ದಶಕದಲ್ಲಿ ಬೆಸ್ಸೆಲ್ ಕಾಕ್ ಈ ಬದಲಾವಣೆಯಿಂದಲೇ ಪಿ700ನ್ನು ಗುರುತಿಸಿದರು. ಅಂದರೆ ಎಲೆಕ್ಟ್ರಾನನ್ನು ನಾವು ನೋಡುವುದಿಲ್ಲ; ಅದು ಬಿಟ್ಟುಹೋದ ಜಾಗದ ಬಣ್ಣವನ್ನು ನೋಡುತ್ತೇವೆ.

ಅಳತೆಯ ಕ್ರಮವನ್ನು ಕಪ್ಪುಹಲಗೆಯ ಮೇಲೆ ನಾಲ್ಕು ಹಂತಗಳಲ್ಲಿ ಬರೆದೆ.

1. ಮಾದರಿಯ ಮೂಲಕ ಮಂದವಾದ ಅಳತೆಯ ಬೆಳಕನ್ನು ಹಾಯಿಸುವುದು. ಅದು ಪ್ರಬಲವಾಗಿದ್ದರೆ ತಾನೇ ಕ್ರಿಯೆ ನಡೆಸಿಬಿಡುತ್ತದೆ.
2. ಅತಿ ಕಿರು ಅವಧಿಯ ಲೇಸರ್ ಮಿಂಚು ಹಾಯಿಸುವುದು. ಓಟದ ಸ್ಪರ್ಧೆಯ ಶಿಳ್ಳೆಯಂತೆ ಇದು ಎಲ್ಲ ಕೇಂದ್ರಗಳನ್ನೂ ಒಟ್ಟಿಗೆ ಹೊರಡಿಸುತ್ತದೆ.
3. ಹೀರಿಕೆ ಥಟ್ಟನೆ ಇಳಿದು, ಮೆಲ್ಲಗೆ ಮೊದಲ ಮಟ್ಟಕ್ಕೆ ಏರುವುದನ್ನು ದಾಖಲಿಸುವುದು. ಪ್ಲಾಸ್ಟೋಸಯನಿನ್ ಅಥವಾ ಸೈಟೋಕ್ರೋಮ್ ಸಿ6 ಎಂಬ ವಾಹಕವು ಎಲೆಕ್ಟ್ರಾನ್ ತಂದುಕೊಟ್ಟಂತೆಲ್ಲ ಈ ಏರಿಕೆ ಆಗುತ್ತದೆ.
4. ಮಿಂಚನ್ನು ಹಲವು ಬಾರಿ ಕೊಟ್ಟು ಸರಾಸರಿ ತೆಗೆಯುವುದು.

ಮಿಂಚು ಕೊಟ್ಟು ಅಳೆಯುವ ಈ ವಿಧಾನವನ್ನು ರೂಪಿಸಿದ ನಾರಿಶ್ ಮತ್ತು ಪೋರ್ಟರ್ ಅವರಿಗೆ, ಐಗೆನ್ ಅವರೊಂದಿಗೆ, 1967ರ ರಸಾಯನಶಾಸ್ತ್ರ ನೊಬೆಲ್ ಬಂದಿತು.

ಚಟುವಟಿಕೆ

ಅರ್ಧಾವಧಿಯ ಕಲ್ಪನೆಗೆ ನಾಣ್ಯ ಬಳಸಿದೆ. ಎಲ್ಲರೂ ಎದ್ದು ನಿಲ್ಲಬೇಕು. ನಾನು ಚಪ್ಪಾಳೆ ತಟ್ಟಿದಾಗಲೆಲ್ಲ ನಾಣ್ಯ ಚಿಮ್ಮಬೇಕು. ಸಿಂಹಮುದ್ರೆ ಬಿದ್ದವರಿಗೆ ಎಲೆಕ್ಟ್ರಾನ್ ಸಿಕ್ಕಿತು, ಅವರು ಕೂರಬೇಕು. ನಿಂತವರ ಸಂಖ್ಯೆಯನ್ನು ಒಬ್ಬರು ಹಲಗೆಯ ಮೇಲೆ ನಕ್ಷೆಯಾಗಿ ಗುರುತಿಸಬೇಕು. 40 ಜನರಿದ್ದರೆ ಸುಮಾರು 20, 10, 5 ಎಂದು ಇಳಿಯುತ್ತದೆ. “ನಾನು ಯಾವಾಗ ಕೂರುತ್ತೇನೆಂದು ಗೊತ್ತಿಲ್ಲ, ತರಗತಿ ಯಾವಾಗ ಅರ್ಧವಾಗುತ್ತದೆ ಅಂತ ಗೊತ್ತು, ಅಲ್ವಾ ಸರ್?” ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಉಪಕರಣವು ಅಳೆಯುವುದೂ ಗುಂಪಿನ ವೇಗವನ್ನೇ ಎಂದು ಅಲ್ಲಿಂದ ಮುಂದುವರಿಸಲು ಸುಲಭವಾಯಿತು.

ವೇಗ ಏಕೆ ಮುಖ್ಯ?

ಮಿಂಚಿನ ನಂತರ ಎಲೆಕ್ಟ್ರಾನ್ ಪಿ700ರಿಂದ ಪಕ್ಕದ ಪತ್ರಹರಿತ್ತಿಗೆ ಪಿಕೋಸೆಕೆಂಡುಗಳಲ್ಲಿ ದಾಟಿ, ಒಂದು ಮೈಕ್ರೋಸೆಕೆಂಡಿನೊಳಗೆ ಕಬ್ಬಿಣ-ಗಂಧಕ ಗುಚ್ಛಗಳಿಗೆ ತಲುಪುತ್ತದೆ. ಅಲ್ಲಿಂದ ಮುಂದೆ ಒಯ್ಯುವವರು ಇಲ್ಲದೆ, ಖಾಲಿಯಾದ ಪಿ700ಕ್ಕೆ ಬೇರೆ ಎಲೆಕ್ಟ್ರಾನೂ ಬಾರದಿದ್ದರೆ, ಹತ್ತಾರು ಮಿಲಿಸೆಕೆಂಡುಗಳಲ್ಲಿ ಅದು ಹಿಂದಕ್ಕೇ ಬಂದುಬಿಡುತ್ತದೆ. ಹೀರಿದ ಬೆಳಕಿನ ಶಕ್ತಿ ಉಪಯೋಗಕ್ಕೆ ಬಾರದೆ ಹೋಗುತ್ತದೆ. ವಾಹಕವು ಅದಕ್ಕಿಂತ ಬೇಗ ಬಂದು ಖಾಲಿ ಜಾಗ ತುಂಬಿದರೆ ಶಕ್ತಿ ಉಳಿಯುತ್ತದೆ. ಆದ್ದರಿಂದ ಚಾರ್ಟಿನ ಪ್ರತಿಯೊಂದು ಬಾಣವೂ ಒಂದು ಪೈಪೋಟಿಯಲ್ಲಿ ಗೆದ್ದ ದಾರಿ. ಇಷ್ಟು ತಿಳಿದ ವಿದ್ಯಾರ್ಥಿಗೆ ಬಾಣಗಳನ್ನು ಬಾಯಿಪಾಠ ಮಾಡುವ ಅಗತ್ಯ ಕಡಿಮೆ.

ಮೌಲ್ಯಮಾಪನ

• ಅಳತೆಯ ಬೆಳಕು ಮಂದವಾಗಿರಬೇಕು, ಏಕೆ?
• ವಾಹಕದ ಪ್ರಮಾಣ ಹೆಚ್ಚಿಸಿದಂತೆ ಏರಿಕೆಯೂ ವೇಗವಾದರೆ ಏನು ಊಹಿಸುವಿರಿ? (ವಾಹಕವು ದ್ರಾವಣದಲ್ಲಿ ಅಲೆದು ಬಂದು ತಾಗಬೇಕಾಗಿದೆ.)
• ಪ್ರಮಾಣ ಎಷ್ಟಿದ್ದರೂ ಏರಿಕೆಯ ಒಂದು ಭಾಗ ಒಂದೇ ವೇಗದಲ್ಲಿದ್ದರೆ? (ಕೆಲವು ವಾಹಕಗಳು ಮೊದಲೇ ಪ್ರೋಟೀನಿಗೆ ಅಂಟಿಕೊಂಡಿವೆ.)

ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ಪಠ್ಯಪುಸ್ತಕದಲ್ಲಿಲ್ಲ. ನಕ್ಷೆ ಓದಿಯೇ ಹೇಳಬೇಕು. ಪಾಠ ತಲುಪಿತೇ ಎಂದು ತಿಳಿಯಲು ನಾನು ನೆಚ್ಚಿಕೊಂಡದ್ದು ಇವೆರಡನ್ನೇ.

ಮಾರ್ಗದರ್ಶಕ ಉಪನ್ಯಾಸಕರಲ್ಲಿ ಒಂದು ವಿನಂತಿ: ನಮ್ಮ ಪಾಠ ವೀಕ್ಷಣಾ ಹಾಳೆಯಲ್ಲಿ ಬೋಧನೋಪಕರಣದ ಅಂದಕ್ಕೆ ಅಂಕವಿದೆ. “ಈ ಸಂಗತಿ ತಿಳಿದದ್ದು ಹೇಗೆಂದು ಪಾಠ ತೋರಿಸಿತೇ?” ಎಂಬ ಒಂದು ಸಾಲನ್ನೂ ಅದಕ್ಕೆ ಸೇರಿಸಿದರೆ, ನಾವು ಚಾರ್ಟ್ ಬರೆಯುವ ರೀತಿಯೇ ಬದಲಾದೀತು.