ಹಳೆಯ ಜೀಪು: ಎಂಜಿನ್ ಬದಲಿಸುವುದೇ, ಇರುವುದನ್ನೇ ಸರಿಪಡಿಸುವುದೇ?

ಮಲೆನಾಡಿನ ಕಾಫಿ, ಅಡಿಕೆ ತೋಟಗಳಲ್ಲಿ ಹಳೆಯ ಪೆಟ್ರೋಲ್ ಜೀಪುಗಳು ಇಂದಿಗೂ ಗೊಬ್ಬರ, ಸಸಿ, ಫಸಲು ಸಾಗಿಸುತ್ತಿವೆ. ಜೀಪು ಏರು ಹತ್ತದಾದಾಗ, ಹೊಗೆ ಹೆಚ್ಚಾದಾಗ ಮಾಲೀಕರಿಗೆ ಎರಡು ಸಲಹೆಗಳು ಬರುತ್ತವೆ: ಡೀಸೆಲ್ ಎಂಜಿನ್ ಕೂರಿಸುವುದು, ಇಲ್ಲವೇ ಇದ್ದ ಎಂಜಿನ್ನಿನ ಶಕ್ತಿ ಹೆಚ್ಚಿಸುವುದು. ಯಾವುದಕ್ಕೂ ಹಣ ಹಾಕುವ ಮೊದಲು ದೋಷ ಎಲ್ಲಿದೆಯೆಂದು ಅಳೆದು ನೋಡಬೇಕು.

ಮೊದಲು ಪರೀಕ್ಷೆ

ಎಂಜಿನ್ ಬಿಸಿಯಾದ ಮೇಲೆ ಎಲ್ಲ ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದೇ ಸಿಲಿಂಡರಿನ ಕಂಪ್ರೆಷನ್ ಅಳೆಸಿರಿ. ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಒತ್ತಡ ಏರಿದರೆ ರಿಂಗು ಅಥವಾ ಬೋರು ಸವೆದಿದೆ. ಏರದಿದ್ದರೆ ವಾಲ್ವು ಅಥವಾ ಹೆಡ್ ಗ್ಯಾಸ್ಕೆಟ್ಟಿನಲ್ಲಿ ಸೋರಿಕೆಯಿದೆ. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಗುರುತು. ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿರುವುದರ ಗುರುತು. ಅದಕ್ಕೆ ಕಾರ್ಬುರೇಟರ್ ಸರಿಪಡಿಸಿದರೆ ಸಾಕಾಗಬಹುದು. ಎಲ್ಲ ಸಿಲಿಂಡರುಗಳ ಒತ್ತಡ ಸರಿಯಿದ್ದೂ ಎಳೆತ ಕಡಿಮೆಯಿದ್ದರೆ ಟೈಮಿಂಗ್, ಜಾರುವ ಕ್ಲಚ್ಚು, ಹಿಡಿದುಕೊಂಡಿರುವ ಬ್ರೇಕು ಇವನ್ನು ನೋಡಿರಿ.

ಇರುವ ಎಂಜಿನ್ ಉಳಿಸುವುದಾದರೆ

1953ರಲ್ಲಿ ಬಂದ ಸಿಜೆ 3ಬಿ ಜೀಪಿನ ಎಂಜಿನ್ 2199 ಸಿಸಿಯ ನಾಲ್ಕು ಸಿಲಿಂಡರಿನದು. ಇಂಥ ಎಂಜಿನ್ನಿನ ಬೋರು ಸವೆದರೆ ಲೇತಿನವರಲ್ಲಿ ರೀಬೋರ್ ಮಾಡಿಸಿ, 0.020, 0.030 ಅಥವಾ 0.040 ಇಂಚು ದೊಡ್ಡ ಅಳತೆಯ ಪಿಸ್ಟನ್ ಹಾಕಬಹುದು. ಬಿಡಿಭಾಗ ಕೈಗೆ ಬಂದ ಮೇಲೆಯೇ ಬೋರು ಕೊರೆಸಿರಿ. ಕ್ರ್ಯಾಂಕನ್ನೂ ಅಳೆಸಿ ನೋಡಿರಿ. ಹೆಡ್ಡನ್ನು ತೀಡಿಸಿ ಕಂಪ್ರೆಷನ್ ಏರಿಸಿ ಶಕ್ತಿ ಪಡೆಯುವ ಪ್ರಯತ್ನ ಬೇಡ. ಎಂಜಿನ್ ಬಡಿದುಕೊಳ್ಳುತ್ತದೆ, ಹೆಚ್ಚು ಕಾಯುತ್ತದೆ. ಗೇರು, ಬ್ರೇಕು ಮಾತ್ರ ಹಳೆಯವೇ ಉಳಿಯುತ್ತವೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪುಗಳನ್ನು ಬದಲಿಸುವುದು ಅವಶ್ಯ.

ಎಂಜಿನ್ ಬದಲಿಸುವುದಾದರೆ

ಎಂಜಿನ್ನಿನ ಬೆಲೆಯೊಂದೇ ಖರ್ಚಲ್ಲ. ಡೀಸೆಲ್ ಎಂಜಿನ್ ಹೆಚ್ಚು ತೂಕದ್ದು. ಮುಂದಿನ ಪಾಟಾ, ಎಂಜಿನ್ ಕೂರುವ ರಬ್ಬರುಗಳು, ಕ್ಲಚ್ಚು, ಬೆಲ್ ಹೌಸಿಂಗ್, ರೇಡಿಯೇಟರ್, ಬ್ಯಾಟರಿ ಇವೆಲ್ಲ ಅದಕ್ಕೆ ಹೊಂದಬೇಕು. ಡೀಸೆಲ್ ಟ್ಯಾಂಕಿಗೆ ವಾಪಸು ಬರುವ ಪೈಪು ಬೇಕು. ಬ್ರೇಕಿಗೆ ನಿರ್ವಾತದ ಬೂಸ್ಟರ್ ಇದ್ದರೆ ಪ್ರತ್ಯೇಕ ವ್ಯಾಕ್ಯೂಮ್ ಪಂಪು ಬೇಕು. ಡೀಸೆಲ್ ಎಂಜಿನ್ ಕಡಿಮೆ ಸುತ್ತಿನಲ್ಲಿ ಓಡುವುದರಿಂದ ಹಳೆಯ ಗೇರಿನಲ್ಲಿ ರಸ್ತೆಯ ವೇಗ ಕುಗ್ಗುತ್ತದೆ. ಇವೆಲ್ಲವನ್ನೂ ಸೇರಿಸಿ ಮೊದಲೇ ಲೆಕ್ಕ ಬರೆಯಿಸಿಕೊಳ್ಳಿರಿ.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪುಸ್ತಕದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಆದ್ದರಿಂದ ಎಂಜಿನ್ ಕೊಳ್ಳುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ, ಬರಹದಲ್ಲಿ ಅನುಮತಿ ಪಡೆಯಿರಿ. ಹೊಸ ಎಂಜಿನ್ನಿನ ಸಂಖ್ಯೆ ನೋಂದಣಿ ಪುಸ್ತಕದಲ್ಲಿ ದಾಖಲಾಗಬೇಕು. ವಿಮಾ ಕಂಪನಿಗೂ ತಿಳಿಸಬೇಕು. ಇಲ್ಲವಾದರೆ ಅಪಘಾತವಾದಾಗ ಪರಿಹಾರಕ್ಕೆ ತೊಡಕಾಗುತ್ತದೆ. ನೋಂದಣಿ ನವೀಕರಣದ ತಪಾಸಣೆಯಲ್ಲೂ ವಾಹನ ನಿಂತೀತು.

ತೀರ್ಮಾನ

ಬ್ಲಾಕು ಸೀಳದೆ, ಕ್ರ್ಯಾಂಕು ಸರಿಯಿದ್ದು, ಬಿಡಿಭಾಗ ಸಿಗುವಂತಿದ್ದರೆ ಇರುವ ಎಂಜಿನ್ನನ್ನೇ ಮೂಲ ಅಳತೆಗೆ ತಕ್ಕಂತೆ ಸರಿಪಡಿಸಿರಿ. ಬ್ಲಾಕು ಸೀಳಿದ್ದರೆ ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ ಹುಡುಕಿರಿ. ಬೇರೆ ಜಾತಿಯ ಎಂಜಿನ್ ಕೊನೆಯ ದಾರಿ. ಅದಕ್ಕೂ ಅನುಮತಿ ಮೊದಲು, ಮುಂಗಡ ಹಣ ಆಮೇಲೆ.