ಇ-ಅಂಚೆಯ ವಿಳಾಸವೂ ಮಾದರಿಸೂತ್ರವೂ

ಪ್ರವೇಶಕ್ಕಾಗಲಿ ವಿದ್ಯಾರ್ಥಿವೇತನಕ್ಕಾಗಲಿ ಇಂದು ಅರ್ಜಿಯನ್ನು ಗಣಕಯಂತ್ರದ ಮೂಲಕವೇ ಸಲ್ಲಿಸಬೇಕಾದ ಪ್ರಸಂಗಗಳು ಹೆಚ್ಚಾಗಿವೆ. ಅರ್ಜಿದಾರನು ಬರೆದ ಇ-ಅಂಚೆಯ ವಿಳಾಸವು ಕ್ರಮಬದ್ಧವಾಗಿದೆಯೇ ಎಂಬುದನ್ನು ಯಂತ್ರವು ಕ್ಷಣಾರ್ಧದಲ್ಲಿ ನಿರ್ಣಯಿಸುತ್ತದೆ. ಈ ನಿರ್ಣಯಕ್ಕೆ ಸಾಮಾನ್ಯವಾಗಿ ಆಧಾರವಾಗಿರುವುದು ‘ರೆಗ್ಯುಲರ್ ಎಕ್ಸ್‌ಪ್ರೆಶನ್’ ಎಂಬ ಮಾದರಿಸೂತ್ರ. ಅಮೆರಿಕದ ಗಣಿತಜ್ಞ ಸ್ಟೀಫನ್ ಕ್ಲೇನಿಯವರು 1956ರಲ್ಲಿ ಪ್ರಕಟಿಸಿದ ತತ್ತ್ವವನ್ನು ಕೆನ್ ಥಾಂಪ್ಸನ್ನರು 1968ರಲ್ಲಿ ಬರಹದೊಳಗಿನ ಶೋಧನೆಗೆ ಅಳವಡಿಸಿ ತೋರಿಸಿದರು.

ಛಂದಸ್ಸನ್ನು ಕಲಿಸುವ ಅಧ್ಯಾಪಕರಿಗೆ ಇದರ ಕ್ರಮ ಅಪರಿಚಿತವೆನಿಸಲಾರದು. ಪ್ರಸ್ತಾರ ಹಾಕುವಾಗ ನಾವು ಲಘು-ಗುರುಗಳನ್ನು ನೋಡುತ್ತೇವೆಯೇ ಹೊರತು ಪದ್ಯದ ಅರ್ಥವನ್ನಲ್ಲ. ಅಂತೆಯೇ ಸೂತ್ರವು, ಮೊದಲು ರೋಮನ್ ಅಕ್ಷರಗಳೋ ಅಂಕೆಗಳೋ, ಬಳಿಕ ರೇ ಟಾಮ್ಲಿನ್ಸನ್ನರು 1971ರಲ್ಲಿ ಆರಿಸಿದ ‘ಆ್ಯಟ್’ ಚಿಹ್ನೆ, ಆಮೇಲೆ ಸಂಸ್ಥೆಯ ಹೆಸರು, ಚುಕ್ಕಿ, ಕೊನೆಗೆ ಎರಡರಿಂದ ನಾಲ್ಕು ಅಕ್ಷರಗಳು ಇವೆಯೇ ಎಂದಷ್ಟೇ ನೋಡುತ್ತದೆ. ಬಹಳ ಕಡೆ ನಕಲಾಗುತ್ತ ಬಂದಿರುವ ಸೂತ್ರವಿದು. ಆದರೆ ‘ಮ್ಯೂಸಿಯಂ’ ಎಂದು ಮುಗಿಯುವ, ರೋಮನ್ ಲಿಪಿಯ ಆರಕ್ಷರದ ವಿಳಾಸಗಳು 2001ರಿಂದಲೇ ಉಂಟು. ಹೆಸರಿನ ಭಾಗದಲ್ಲಿ ಕೂಡಿಸುವ ಚಿಹ್ನೆಯೂ ಸಲ್ಲುತ್ತದೆ. ಇಂಥ ವಿಳಾಸವುಳ್ಳವನನ್ನು ಸೂತ್ರವು ತಿರಸ್ಕರಿಸಿದಾಗ, ತಪ್ಪು ಅವನದೆಂದೇ ಪರದೆಯ ಮೇಲೆ ಕೆಂಪಕ್ಷರ ಮೂಡುತ್ತದೆ. ಕೊನೆಯ ದಿನದ ಅರ್ಜಿಯಾದರೆ ಹುಡುಗನೊಬ್ಬನ ವರ್ಷವೇ ವ್ಯರ್ಥವಾದೀತು.

ಕನ್ನಡಿಗರು ವಿಶೇಷವಾಗಿ ಲಕ್ಷಿಸಬೇಕಾದ ಸಂಗತಿ ಬೇರೊಂದಿದೆ. ರೋಮನ್ನೇತರ ಲಿಪಿಗಳಲ್ಲೂ ವಿಳಾಸ ಬರೆಯಲು ಅನುವಾಗುವ ನಿಯಮಗಳು 2012ರಲ್ಲಿ ಪ್ರಕಟವಾದವು. ‘.ಭಾರತ’ ಎಂಬ ಕೊನೆಯ ಪದವು ಕನ್ನಡ ಲಿಪಿಯಲ್ಲಿಯೂ ಲಭ್ಯವಿದೆ. ಹೀಗಿರುವಾಗ ರೋಮನ್ ಅಕ್ಷರಗಳನ್ನು ಮಾತ್ರ ಬಲ್ಲ ಸೂತ್ರ ಸಾಲದು. ‘ಯಾವುದೇ ಲಿಪಿಯ ಅಕ್ಷರ’ ಎಂದು ತಿದ್ದಿದರೂ ಕೆಲಸ ಮುಗಿಯದು. ಏಕೆಂದರೆ ಯೂನಿಕೋಡ್ ವಿಂಗಡಣೆಯಲ್ಲಿ ‘ಕ’ ಎಂಬುದು ಅಕ್ಷರ. ‘ಕಿ’ಯೊಳಗಿನ ಗುಡಿಸು ಅಕ್ಷರವಲ್ಲ, ‘ಚಿಹ್ನೆ’! ಕಾಗುಣಿತ ತಿದ್ದಿಸಿದ ಗುರುಗಳು ಇದನ್ನು ಕೇಳಿ ನಕ್ಕಾರು; ಆದರೆ ‘ಬಸವ’ನನ್ನು ಒಳಬಿಟ್ಟ ಸೂತ್ರ ‘ಶಿವ’ನನ್ನು ಬಾಗಿಲಲ್ಲೇ ತಡೆಯುವುದು ಇದರಿಂದಲೇ. ಚಿಹ್ನೆಗಳ ವರ್ಗವನ್ನೂ ಸೂತ್ರದಲ್ಲಿ ಸೇರಿಸಲೇಬೇಕು. ಅಳತೆಯಲ್ಲಿಯೂ ಎಚ್ಚರ ಬೇಕು: ಹೆಸರಿನ ಭಾಗಕ್ಕೆ 64 ಬೈಟುಗಳ ಮಿತಿಯಿದೆ, ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು ಬೇಕಾಗುವುದರಿಂದ 21 ಸಂಕೇತಗಳಿಗೇ ಅದು ತೀರುತ್ತದೆ.

ಹಾಗೆಂದು ನಿಯಮವನ್ನೆಲ್ಲ ಹಿಡಿದಿಡುವ ಮಹಾಸೂತ್ರವನ್ನು ರಚಿಸಹೊರಡುವುದು ವ್ಯರ್ಥ ಶ್ರಮವೆಂದೇ ನನ್ನ ಅಭಿಪ್ರಾಯ. ಒಂದಕ್ಷರ ತಪ್ಪಿದ ವಿಳಾಸವೂ ರೂಪದಲ್ಲಿ ಶುದ್ಧವೇ. ಪತ್ರ ಮಾತ್ರ ಬೇರೊಬ್ಬರಿಗೆ ಹೋಗುತ್ತದೆ. ಆ್ಯಟ್ ಚಿಹ್ನೆಯ ಎರಡೂ ಬದಿಗೆ ಏನಾದರೂ ಇದೆಯೇ, ಒಟ್ಟು ಉದ್ದ 254 ಬೈಟುಗಳನ್ನು ಮೀರಿಲ್ಲವೇ ಎಂದು ನೋಡಿ, ಆ ವಿಳಾಸಕ್ಕೇ ಒಂದು ಪತ್ರ ಕಳುಹಿಸಬೇಕು. ಅದರೊಳಗಿನ ಕೊಂಡಿಯನ್ನು ಅರ್ಜಿದಾರನು ಒತ್ತಿದಾಗ, ರಿಜಿಸ್ಟರ್ಡ್ ಅಂಚೆಯ ಸ್ವೀಕೃತಿ ಚೀಟಿ ಮರಳಿ ಕೈಸೇರಿದಂತೆ.